ನಾನು ‘ನೀವು’ ಅಂದ ದಿನ

ಕೆಲಸ ಬಿಡುವಾಗ ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಕೊಡಬೇಕಲ್ಲ, ಅದಕ್ಕೆ ಮೊದಲು ಅದರೊಳಗಿದ್ದದ್ದನ್ನೆಲ್ಲ ಒಮ್ಮೆ ಜಾಲಾಡುತ್ತಿದ್ದೆ. ಹುಡುಕುತ್ತಿದ್ದದ್ದು ಎಕ್ಸೆಲ್‌ನ ಒಂದು ಫಾರ್ಮುಲಾ. ಯಾವ ಕಾಲದಲ್ಲೋ ಚಾಟ್‌ನಲ್ಲಿ ಯಾರಿಗೋ ಕಳಿಸಿದ್ದೆ ಅನ್ನುವ ನೆನಪು. ಫಾರ್ಮುಲಾ ಸಿಗಲಿಲ್ಲ, ಐದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಸಿಕ್ಕಿತು. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳ ಜೊತೆಗಿನ ಚಾಟ್. ಒಂದು ಗಂಟೆಯ ಅವಧಿಯಲ್ಲಿ ಒಟ್ಟು ಆರು ಸಾಲು.

3:52ಕ್ಕೆ ಅವಳು: “ಈ ಸಲ ಟೋಟಲ್ ಇಳೀಬೇಕಿತ್ತು ಅಲ್ವೇನೇ?” ಅದಕ್ಕೆ ನಾನು: “ಹ್ಞೂಂ.” 4:18ಕ್ಕೆ ಮತ್ತೆ ಅವಳು: “ಹೋದ ತಿಂಗಳ ಶೀಟ್ ಇನ್ನೊಂದ್ಸಲ ತೆಗೀಲಾ? ನಿಂಗೆ ಬಿಡುವಿದ್ರೆ ಇಬ್ರೂ ನೋಡೋಣ.” ನನ್ನಿಂದ ಉತ್ತರ ಹೋಗಿಲ್ಲ. 4:41ಕ್ಕೆ: “ಏನಿಲ್ಲ, ಅರಿಯರ್ಸ್ ಕಾಲಂ ಒಂದು ಡೌಟು...” ಎರಡು ನಿಮಿಷ ಬಿಟ್ಟು ನಾನು ಬರೆದಿದ್ದೇನೆ: “ದಯವಿಟ್ಟು ಈಗ ಕಟ್-ಆಫ್ ಕಡೆ ಗಮನ ಕೊಡಿ. ಉಳಿದದ್ದನ್ನು ಆಮೇಲೆ ನೋಡೋಣ.” 4:53ಕ್ಕೆ ಅವಳ ಕೊನೆಯ ಸಾಲು: “ಅಪ್ರೂವ್ ಮಾಡಿದ್ದೀನಿ.”

ಹೊರಗಿನವರು ಯಾರಾದರೂ ಓದಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಬೈಗುಳವಿಲ್ಲ, ವ್ಯಂಗ್ಯವಿಲ್ಲ, ‘ದಯವಿಟ್ಟು’ ಬೇರೆ ಇದೆ. ಆದರೆ ಆ ‘ಕೊಡಿ’ ಓದಿದಾಗ ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ‘ಏನೇ’, ‘ಹೋಗೇ’, ‘ಸಾಕು ಮುಚ್ಚೇ ಮಾರಾಯ್ತಿ’ ಅನ್ನುವ ಹಂತ ತಲುಪಲು ನಮಗೆ ಒಂದು ತಿಂಗಳೂ ಹಿಡಿದಿರಲಿಲ್ಲ. ನಾಲ್ಕು ವರ್ಷ ಒಂದೇ ಒಂದು ಸಲವೂ ನಾನು ಅವಳಿಗೆ ‘ನೀವು’ ಅಂದಿರಲಿಲ್ಲ. ಆ ಮಧ್ಯಾಹ್ನ 4:43ಕ್ಕೆ ಅಂದೆ. ಅದೂ ಗೊತ್ತಿಲ್ಲದೆ.

ನಮ್ಮದು ಸಂಬಳದ ಲೆಕ್ಕದ ಕೆಲಸ. ತಿಂಗಳ ಕೊನೆಗೆ ಎಲ್ಲರ ಸಂಬಳದ ಫೈಲ್ ತಯಾರು ಮಾಡಿ ಬ್ಯಾಂಕಿಗೆ ಏರಿಸಬೇಕು. ಐದು ಗಂಟೆಗೆ ಕಟ್-ಆಫ್. ದಾಟಿದರೆ ಸಂಬಳ ಒಂದು ದಿನ ತಡ, ನಡುವೆ ರಜೆ ಬಂದರೆ ಮೂರು ದಿನ ತಡ. ಒಬ್ಬರು ಮಾಡಬೇಕು, ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕು. ಮೇಕರ್, ಚೆಕರ್. ನಾನು ಮೇಕರ್, ಅವಳು ಚೆಕರ್. ಹಿಂದಿನ ತಿಂಗಳು 43 ಜನರಿಗೆ ಸಂಬಳ ಪರಿಷ್ಕರಣೆಯ ಬಾಕಿ ಒಂದೇ ಕಂತಿನಲ್ಲಿ ಸಂದಾಯವಾಗಿತ್ತು. ಈ ತಿಂಗಳು ಆ ಕಾಲಂ ಖಾಲಿಯಾಗಬೇಕಿತ್ತು, ಒಟ್ಟು ಮೊತ್ತ ಇಳಿಯಬೇಕಿತ್ತು. ನಾನು ಹಿಂದಿನ ತಿಂಗಳ ಶೀಟ್ ಕಾಪಿ ಮಾಡಿದವಳು ಆ ಕಾಲಂ ಅಳಿಸಿರಲಿಲ್ಲ. ಅದನ್ನೇ ಅವಳು ಹೇಳುತ್ತಿದ್ದದ್ದು. ಅವಳ ಮೊದಲ ಸಾಲಿನಲ್ಲೇ ಪೂರ್ತಿ ಉತ್ತರ ಇತ್ತು. ಟೋಟಲ್ ಇಳೀಬೇಕಿತ್ತು ಅಲ್ವೇನೇ?

ಆ ದಿನ ತಂಡದಲ್ಲಿ ಇಬ್ಬರು ರಜೆ, ಹಾಜರಾತಿಯ ವಿವರ ಬಂದದ್ದೇ ಮಧ್ಯಾಹ್ನ ಎರಡಕ್ಕೆ, ಸಾಫ್ಟ್‌ವೇರ್ ಆ ವಾರವಷ್ಟೇ ಬದಲಾಗಿತ್ತು. ಇವೆಲ್ಲ ಹೇಳಿಕೊಳ್ಳಬಹುದು. ಆಗ ಹೇಳಿಕೊಂಡೂ ಇದ್ದೆ.

ಕೂಗುವವರು ಮತ್ತು ತಣ್ಣಗಾಗುವವರು

ನಮ್ಮ ಮ್ಯಾನೇಜರ್ ಕೂಗುತ್ತಿದ್ದರು. ಸಣ್ಣ ಪುಟ್ಟದ್ದಕ್ಕೆಲ್ಲ ಇಲ್ಲ, ಕೆಲಸ ಕೈಮೀರುತ್ತಿದೆ ಅನಿಸಿದಾಗ. ಕತ್ತಿನ ನರ ಉಬ್ಬಿ, ಕೈಯಲ್ಲಿದ್ದ ಪೆನ್ನನ್ನು ಮೇಜಿಗೆ ಬಡಿಯುತ್ತಾ, ಇಡೀ ಮಹಡಿಗೆ ಕೇಳಿಸುವ ಹಾಗೆ. ಹತ್ತು ನಿಮಿಷ. ಅದಾಗಿ ಅರ್ಧ ಗಂಟೆಗೆ ಅದೇ ಮನುಷ್ಯ ನಮ್ಮ ಮೇಜಿನ ಹತ್ತಿರ ಬಂದು “ತಡವಾಯ್ತಲ್ಲಮ್ಮ, ಮನೆಗೆ ಹೇಗೆ ಹೋಗ್ತೀಯ?” ಅಂತ ಕೇಳುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಪೆನ್ನು ಬಡಿಯುವ ಸದ್ದಿನಿಂದಲೇ ಇವತ್ತಿನದು ಎಷ್ಟು ಹೊತ್ತಿನ ಮಳೆ ಅಂತ ಅಂದಾಜು ಮಾಡುತ್ತಿದ್ದೆವು. ಅವರ ಕೂಗಾಟವನ್ನು ಇಲ್ಲಿ ಸಮರ್ಥಿಸುತ್ತಿಲ್ಲ. ಹೊಸದಾಗಿ ಸೇರಿದ ಒಬ್ಬ ಹುಡುಗ ಎರಡನೇ ಸಲ ಹಾಗೆ ಬೈಸಿಕೊಂಡ ಮೇಲೆ ಮರುದಿನ ಬರಲೇ ಇಲ್ಲ. ಹಳಬರಾದ ನಮಗೆ ಮಳೆ, ಅವನಿಗೆ ಅದು ಮಳೆಯಾಗಿರಲಿಲ್ಲ.

ನಾನು ಕೂಗುವವಳಲ್ಲ. ಈ ವಿಷಯದಲ್ಲಿ ನನಗೆ ಒಳಗೊಳಗೇ ಜಂಬವಿತ್ತು. ಎಲ್ಲರೂ ತಲೆ ಕೆಡಿಸಿಕೊಂಡಾಗ ನಾನೊಬ್ಬಳು ಶಾಂತವಾಗಿರುತ್ತೇನೆ ಅಂದುಕೊಂಡಿದ್ದೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಇಬ್ಬರು ಅದನ್ನೇ ನನ್ನ ಗುಣ ಅಂತ ಬರೆದಿದ್ದರು. ಈಗ ಆ ಶಾಂತಿ ಹೊರಗಿನಿಂದ ಹೇಗೆ ಕಾಣುತ್ತಿತ್ತು ಅಂತ ಯೋಚಿಸಿದರೆ ಬೇರೆಯೇ ಚಿತ್ರ ಬರುತ್ತದೆ. ಕೆಲಸ ಏರುತ್ತಾ ಹೋದ ಹಾಗೆ ನನ್ನ ವಾಕ್ಯಗಳು ಚಿಕ್ಕದಾಗುತ್ತವೆ. ಮುಖ ಪರದೆಯಿಂದ ಈಚೆ ತಿರುಗುವುದಿಲ್ಲ. ಕಿವಿಗೆ ಹೆಡ್‌ಫೋನ್ ಏರುತ್ತದೆ, ಹಾಡೇನೂ ಇರುವುದಿಲ್ಲ, ಬರೀ ಹೆಡ್‌ಫೋನ್. ಆಮೇಲೆ ಮರ್ಯಾದೆ ಜಾಸ್ತಿಯಾಗುತ್ತದೆ. ದಯವಿಟ್ಟು, ಗಮನಿಸಿ, ಕಳಿಸಿಕೊಡಿ. ಕೋಪ ಬಂದಾಗ ಮಕ್ಕಳಿಗೆ ಅಪ್ಪ ‘ಏನ್ರೀ, ತಾವು ಇವತ್ತು ಹೋಂವರ್ಕ್ ಮಾಡೋ ಯೋಚನೆ ಇದೆಯೋ ಹೇಗೆ’ ಅನ್ನುತ್ತಾನಲ್ಲ, ಆ ಬಹುವಚನ. ಮಕ್ಕಳಿಗೆ ಅದರ ಅರ್ಥ ಥಟ್ಟನೆ ಗೊತ್ತಾಗುತ್ತದೆ. ಅಲ್ಲಾದರೆ ಅದು ಬೇಕೆಂದೇ ಆಡಿದ ಮಾತು, ತುಸು ತಮಾಷೆಯೂ ಇರುತ್ತದೆ. ನನ್ನದು ತಾನಾಗಿ ಬರುತ್ತದೆ, ತಮಾಷೆಯಿಲ್ಲ.

‘ನೋಡೋಣ’ ಕೂಡ ಹಾಗೇ. ಇಷ್ಟು ಸಭ್ಯವಾಗಿ ಬಾಗಿಲು ಹಾಕುವ ಇನ್ನೊಂದು ಪದ ಕನ್ನಡದಲ್ಲಿ ನನಗೆ ಗೊತ್ತಿಲ್ಲ. ಅವಳ ‘ನೋಡೋಣ’ದಲ್ಲಿ ಇಬ್ಬರಿದ್ದರು: ನಿಂಗೆ ಬಿಡುವಿದ್ರೆ ಇಬ್ರೂ ನೋಡೋಣ. ಇಪ್ಪತ್ತೈದು ನಿಮಿಷದ ನಂತರದ ನನ್ನ ‘ನೋಡೋಣ’ದಲ್ಲಿ ಯಾರೂ ಇರಲಿಲ್ಲ. ಅದೇ ಪದ, ಅದೇ ಚಾಟ್, ಒಂದರ ಕೆಳಗೊಂದು. ಪರದೆಯ ಮೇಲೆ ಎರಡನ್ನೂ ಒಟ್ಟಿಗೆ ನೋಡಿದಾಗ ನಾಚಿಕೆಯಾಯಿತು.

ಒತ್ತಡ ಬಂದಾಗ ಮಿದುಳಿನ ಮುಂಭಾಗ, ಅಂದರೆ ಅಳೆದು ತೂಗಿ ಯೋಚಿಸುವ ಭಾಗ, ಹಿಂದೆ ಸರಿಯುತ್ತದೆ, ಹಳೆಯ ಅಭ್ಯಾಸಗಳು ಮುಂದೆ ಬರುತ್ತವೆ ಅನ್ನುವುದು ಈಗ ಎಲ್ಲರೂ ಓದಿರುವ ಮಾತು. ನನಗೆ ಅದಕ್ಕಿಂತ ಕಾಡಿದ್ದು, ಆ ಅಭ್ಯಾಸ ಎದುರಿನವರ ಮಿದುಳಿಗೆ ಏನು ಮಾಡುತ್ತದೆ ಅನ್ನುವುದು. 2015ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಅಧ್ಯಯನ ಇದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ ಒಂದು ಅಣಕು ತುರ್ತು ಪರಿಸ್ಥಿತಿ ಕೊಟ್ಟರು. ಗೊಂಬೆ ಮಗು, ಆದರೆ ಲಕ್ಷಣಗಳೆಲ್ಲ ನಿಜವಾದ ಕಾಯಿಲೆಯವು. ಅರ್ಧ ತಂಡಗಳಿಗೆ ವಿದೇಶದಿಂದ ನೋಡುತ್ತಿದ್ದಾರೆ ಎನ್ನಲಾದ ತಜ್ಞರೊಬ್ಬರಿಂದ ಸಣ್ಣ ಅವಮಾನದ ಮಾತು ಕೇಳಿಸಿದರು. ಯಾರ ಹೆಸರನ್ನೂ ಹಿಡಿದು ಬೈಯಲಿಲ್ಲ, ಅಲ್ಲಿನ ವೈದ್ಯಕೀಯದ ಗುಣಮಟ್ಟದ ಬಗ್ಗೆ ಎರಡು ಹಗುರ ಮಾತು, ಅಷ್ಟೇ. ಆ ತಂಡಗಳು ರೋಗ ಪತ್ತೆಯಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು: ಅವರು ತಮಗೆ ಗೊತ್ತಿದ್ದನ್ನು ಒಬ್ಬರಿಗೊಬ್ಬರು ಹೇಳುವುದು ಕಡಿಮೆಯಾಗಿತ್ತು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಗೊತ್ತಿದ್ದದ್ದು ತಲೆಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ ಅಷ್ಟೇ.

ವಿಮಾನದ ಹುಚ್ಚು

ನನಗೆ ವಿಮಾನ ಅಪಘಾತಗಳ ತನಿಖಾ ವರದಿ ಓದುವ ಹುಚ್ಚಿದೆ. ಮನೆಯಲ್ಲಿ ಇದನ್ನು ಹೇಳಿಕೊಳ್ಳುವುದಿಲ್ಲ, ರಾತ್ರಿ ಹೊತ್ತು ಅದೇನು ಓದ್ತೀಯೋ ಅಂತ ಬೈಸಿಕೊಂಡಾಗಿದೆ. ಸಂಬಳದ ಫೈಲಿಗೂ ವಿಮಾನಕ್ಕೂ ಹೋಲಿಕೆಯೇ ಅಂತ ನೀವು ಕೇಳಬಹುದು. ನಮ್ಮ ಕೆಲಸದಲ್ಲಿ ಯಾರೂ ಸಾಯುವುದಿಲ್ಲ, ಸರಿ. ಆದರೆ ಕೆಲಸದ ಜಾಗದಲ್ಲಿ ಒತ್ತಡದ ನಡುವೆ ಜನ ನಿಜವಾಗಿ ಏನು ಮಾತಾಡಿದರು ಅನ್ನುವುದು ಅಕ್ಷರ ಅಕ್ಷರವಾಗಿ, ನಿಮಿಷ ಸೆಕೆಂಡುಗಳ ಸಮೇತ ದಾಖಲಾಗಿ, ಆಮೇಲೆ ಅದನ್ನು ಪರಿಣತರು ಕೂತು ಓದುವುದು ಇನ್ನೆಲ್ಲಿದೆ? ಕಾಕ್‌ಪಿಟ್‌ನ ಧ್ವನಿಮುದ್ರಣ ಅಂದರೆ ನನ್ನ ಆ ಚಾಟ್‌ನ ದೊಡ್ಡಣ್ಣ.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ 173 ಅನ್ನುವ ವಿಮಾನ ಬಿತ್ತು. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ವಿಮಾನವನ್ನು ಸುತ್ತು ಹಾಕಿಸಿದರು. ಗಮನವೆಲ್ಲ ಚಕ್ರದ ಮೇಲೆ. ಇಂಧನ ಇಳಿಯುತ್ತಿದೆ ಅನ್ನುವುದು ಫ್ಲೈಟ್ ಎಂಜಿನಿಯರ್‌ಗೆ ಗೊತ್ತಿತ್ತು. ಇನ್ನೂ ಹದಿನೈದು ನಿಮಿಷ ಅಂದರೆ ಇಂಧನ ತೀರಾ ಕಮ್ಮಿಯಾಗುತ್ತದೆ ಅಂತ ಹೇಳಿದರು ಕೂಡ. ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ನಿಂತವು. 189 ಜನರಲ್ಲಿ ಹತ್ತು ಮಂದಿ ಸತ್ತರು, ಆ ಎಂಜಿನಿಯರ್ ಸಹಿತ. ತನಿಖೆಯವರು ತಪ್ಪನ್ನು ಕ್ಯಾಪ್ಟನ್ ಮೇಲೆ ಹೊರಿಸಿದರು. ಅದರ ಜೊತೆಗೆ, ಕಾಕ್‌ಪಿಟ್‌ನಲ್ಲಿದ್ದ ಉಳಿದಿಬ್ಬರು ತಮ್ಮ ಆತಂಕವನ್ನು ಅವರ ಕಿವಿಗೆ ಮುಟ್ಟುವ ಹಾಗೆ ಹೇಳಲಿಲ್ಲ ಅಂತಲೂ ಬರೆದರು. ಆ ಎರಡನೆಯ ವಾಕ್ಯವನ್ನು ಓದುವಾಗ ನನಗೆ ಯಾವಾಗಲೂ ಸ್ವಲ್ಪ ಕಿರಿಕಿರಿಯಾಗುತ್ತದೆ. ಮುಟ್ಟುವ ಹಾಗೆ ಹೇಳುವುದು ಹೇಳುವವರ ಕೈಯಲ್ಲಿ ಎಷ್ಟಿದೆ, ಕೇಳುವವರ ಕಿವಿಯಲ್ಲಿ ಎಷ್ಟಿದೆ?

ಇನ್ನೊಂದು 1990ರ ಜನವರಿ 25ರದ್ದು. ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬರುತ್ತಿದ್ದ ಅವಿಯಾಂಕಾ 52. ಹವಾಮಾನ ಕೆಟ್ಟು, ವಿಮಾನಗಳ ಸಾಲು ಬೆಳೆದು, ಇವರನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಕಾಯಿಸಿದ್ದರು. ಇಳಿಯುವ ಮೊದಲ ಪ್ರಯತ್ನ ಕೈಗೂಡಲಿಲ್ಲ. ತುರ್ತು ಅಂತ ಹೇಳು ಅಂತ ಕ್ಯಾಪ್ಟನ್ ಹೇಳುತ್ತಾರೆ. ಹೇಳಿದ್ದೀನಿ ಸರ್ ಅಂತ ಸಹಪೈಲಟ್. ಆದರೆ ರೇಡಿಯೋದಲ್ಲಿ ಅವರು ಹೇಳಿದ್ದು ಇಂಧನ ಮುಗೀತಾ ಇದೆ ಅಂತ, ಅದೂ ಬೇರೆ ಮಾತಿನ ಬಾಲಕ್ಕೆ ಸೇರಿಸಿ. ‘ತುರ್ತು’ ಅನ್ನುವ ಪದ ಅವರ ಬಾಯಿಂದ ಕೊನೆಗೂ ಬರಲಿಲ್ಲ. ಇನ್ನಷ್ಟು ದೂರ ಸುತ್ತಿಸಿ ತರುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಆಗಬಹುದಾ ಅಂತ ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಕೇಳುತ್ತಾರೆ. ಸಹಪೈಲಟ್‌ನ ಉತ್ತರ: ಆಗಬಹುದು ಅನಿಸುತ್ತೆ, ತುಂಬಾ ಥ್ಯಾಂಕ್ಸ್. ಕೆಲವೇ ನಿಮಿಷಗಳಲ್ಲಿ ಇಂಧನ ಪೂರ್ತಿ ಖಾಲಿಯಾಗಿ ವಿಮಾನ ಗುಡ್ಡಕ್ಕೆ ಬಡಿಯಿತು. 158ರಲ್ಲಿ 73 ಜನ ಉಳಿಯಲಿಲ್ಲ.

ಆ ‘ತುಂಬಾ ಥ್ಯಾಂಕ್ಸ್’ ನನ್ನನ್ನು ಬಿಡುವುದಿಲ್ಲ. ಅದು ಸೌಜನ್ಯವೋ ಭಯವೋ? ಅವಳ ‘ಏನಿಲ್ಲ, ಒಂದು ಡೌಟು’ ಅನ್ನುವುದೂ ಅದೇ ಜಾತಿಯದು. ಏನೋ ಇದೆ ಅನ್ನುವುದಕ್ಕೇ ನಾವು ‘ಏನಿಲ್ಲ’ ಅಂತ ಶುರು ಮಾಡುತ್ತೇವೆ.

ಕ್ಯಾಪ್ಟನ್‌ಗಳೂ ಸಹಪೈಲಟ್‌ಗಳೂ ಎದುರಿನವರ ತಪ್ಪನ್ನು ಹೇಗೆ ತೋರಿಸುತ್ತಾರೆ ಅಂತ ಊಟೆ ಫಿಷರ್ ಮತ್ತು ಜುಡಿತ್ ಒರಸಾನು ಎಂಬ ಸಂಶೋಧಕಿಯರು ಅಧ್ಯಯನ ಮಾಡಿದ್ದಾರೆ. ಅದೇ ಅಪಾಯ ಎದುರಿಗಿದ್ದಾಗ ಕ್ಯಾಪ್ಟನ್‌ಗಳ ಮಾತು ಆಜ್ಞೆಯ ಕಡೆ ವಾಲಿದರೆ ಸಹಪೈಲಟ್‌ಗಳದ್ದು ಬರೀ ಸುಳಿವಿನ ಕಡೆ ವಾಲುತ್ತಿತ್ತು. ನಮ್ಮ ಫೈಲಿಗೆ ಇದನ್ನು ಇಳಿಸಿ ನೋಡಿದೆ. ಮೇಲಿನ ಮೆಟ್ಟಿಲು ‘ಫೈಲ್ ಕಳಿಸಬೇಡ’. ಅದರ ಕೆಳಗೆ ‘ಇದನ್ನು ನಾವು ಈಗ ಕಳಿಸೋ ಹಾಗಿಲ್ಲ’. ಆಮೇಲೆ ‘ಇನ್ನೊಂದ್ಸಲ ನೋಡೋಣ್ವಾ’, ‘ನೋಡಿದ್ರೆ ಒಳ್ಳೇದಿತ್ತು’. ತೀರಾ ಕೆಳಗೆ ‘ಟೋಟಲ್ ಇಳೀಬೇಕಿತ್ತು ಅಲ್ವೇನೇ’. ಅವಳು ಶುರು ಮಾಡಿದ್ದೇ ಕೆಳಗಿನ ಮೆಟ್ಟಿಲಿನಿಂದ. ಎರಡನೇ ಸಲ ಒಂದು ಮೆಟ್ಟಿಲು ಹತ್ತಿದಳು, ಇಬ್ರೂ ನೋಡೋಣ ಅಂದಳು. ನಾನು ಉತ್ತರ ಕೊಡಲಿಲ್ಲ. ಮೂರನೇ ಸಲ ಮತ್ತೆ ಇಳಿದಳು. ನಾನು ‘ಕೊಡಿ’ ಅಂದ ಮೇಲೆ ಮೆಟ್ಟಿಲಿನ ಸಹವಾಸವೇ ಬೇಡ ಅಂತ ಅಪ್ರೂವ್ ಒತ್ತಿದಳು.

ಒತ್ತಬಾರದಿತ್ತು. ಇದನ್ನೂ ಹೇಳಬೇಕು. ಚೆಕರ್ ಇರುವುದೇ ಒತ್ತದೆ ಇರುವುದಕ್ಕೆ. ‘ಕಟ್-ಆಫ್ ಹೋದ್ರೆ ಹೋಗ್ಲಿ, ನಾನು ಒತ್ತಲ್ಲ’ ಅನ್ನುವ ಹಕ್ಕು ಆ ಮಹಡಿಯಲ್ಲಿ ಅವಳೊಬ್ಬಳಿಗೇ ಇತ್ತು. ಬೇರೆ ಯಾರದ್ದಾದರೂ ಫೈಲ್ ಆಗಿದ್ದರೆ ಅನ್ನುತ್ತಿದ್ದಳು ಕೂಡ, ಅವಳೇನು ಸಂಕೋಚದ ಹೆಣ್ಣಲ್ಲ. ಗೆಳತಿಯಾದದ್ದಕ್ಕೇ ಮೃದುವಾಗಿ ಶುರು ಮಾಡಿದಳು. ಮಧ್ಯದಲ್ಲಿ ನಾನು ಗೆಳತಿಯ ಸ್ಥಾನದಿಂದ ಎದ್ದು ಹೋಗಿ ಮೇಲಧಿಕಾರಿಯ ಕುರ್ಚಿಯಲ್ಲಿ ಕೂತೆ. ನಮ್ಮಿಬ್ಬರಲ್ಲಿ ಯಾರೂ ಯಾರಿಗೂ ಮೇಲಧಿಕಾರಿ ಆಗಿರಲಿಲ್ಲ ಅನ್ನುವುದು ಬೇರೆ ಮಾತು.

ಅದೇ ವರದಿಗಳ ರಾಶಿಯಲ್ಲಿ ನಾನು ಮತ್ತೆ ಮತ್ತೆ ತಿರುಗಿ ಹೋಗುವ ಇನ್ನೊಂದಿದೆ. 1989ರ ಜುಲೈ 19, ಯುನೈಟೆಡ್ 232. ಬಾಲದ ಎಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋಗಿ, ವಿಮಾನವನ್ನು ತಿರುಗಿಸುವ ದಾರಿಯೇ ಇಲ್ಲ. ಎರಡು ರೆಕ್ಕೆಯ ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡಿ ಸುಮಾರು 44 ನಿಮಿಷ ಹಾರಿಸಿ ಸೂ ಸಿಟಿಯ ನಿಲ್ದಾಣಕ್ಕೆ ತಂದರು. ಪ್ರಯಾಣಿಕರ ನಡುವೆ ಕೂತಿದ್ದ, ಆ ದಿನ ಡ್ಯೂಟಿಯಲ್ಲಿಲ್ಲದ ತರಬೇತುದಾರ ಡೆನ್ನಿ ಫಿಚ್ ಒಳಗೆ ಬಂದಾಗ ಕ್ಯಾಪ್ಟನ್ ಆಲ್ ಹೇನ್ಸ್ ಅವರ ಕೈಗೇ ಥ್ರಾಟಲ್, ಅಂದರೆ ಎಂಜಿನ್ ವೇಗದ ಹಿಡಿಕೆ, ಕೊಟ್ಟರು. ಇಷ್ಟರ ಮಧ್ಯೆ ಕಂಟ್ರೋಲರ್ ಯಾವ ರನ್‌ವೇಯಲ್ಲಿ ಬೇಕಾದರೂ ಇಳಿಯಿರಿ ಅಂದಾಗ ಹೇನ್ಸ್ ನಗುತ್ತಾರೆ: ಓಹೋ, ರನ್‌ವೇನೇ ಆಗಬೇಕು ಅಂತೀರಾ ಅನ್ನುವ ಅರ್ಥದಲ್ಲಿ. 296 ಜನರಲ್ಲಿ 184 ಜನ ಬದುಕಿದರು. ಒಬ್ಬರೂ ಬದುಕುವ ಹಾಗಿರಲಿಲ್ಲ.

ಆ ನಗುವನ್ನು ಧೈರ್ಯಕ್ಕೆ ಉದಾಹರಣೆಯಾಗಿ ಹೇಳುವವರಿದ್ದಾರೆ. ನನಗೆ ಅದು ಬೇರೆ ಥರ ಕೇಳಿಸುತ್ತದೆ. ಒಳಗಿದ್ದ ಮೂವರಿಗೆ ಆ ನಗು ಏನು ಹೇಳಿರಬೇಕು? ನಾನು ಇಲ್ಲೇ ಇದ್ದೀನಿ, ಮಾತಾಡಿ, ಏನು ತೋಚಿದರೂ ಹೇಳಿ. ಆಮೇಲೆ ಊರೂರಿನಲ್ಲಿ ಮಾಡಿದ ಭಾಷಣಗಳಲ್ಲಿ ಹೇನ್ಸ್ ತಮ್ಮ ಕೌಶಲದ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ಆ ತರಬೇತಿಯ ಬಗ್ಗೆ ಹೇಳಿದರು. 173ರ ಅಪಘಾತದ ನಂತರ 1981ರಲ್ಲಿ ಅದೇ ವಿಮಾನಯಾನ ಸಂಸ್ಥೆ ಶುರು ಮಾಡಿದ್ದ ತರಬೇತಿ ಅದು, ಕ್ಯಾಪ್ಟನ್ ಕೇಳಿಸಿಕೊಳ್ಳುವುದನ್ನು, ಉಳಿದವರು ಬಾಯಿಬಿಟ್ಟು ಹೇಳುವುದನ್ನು ಕಲಿಸುವುದಕ್ಕೆ.

ಮರುದಿನ ಬೆಳಿಗ್ಗೆ

ಮೊದಲ ಫೋನ್ ಬಂದದ್ದು 9:20ಕ್ಕೆ. ಸ್ಟೋರ್ಸ್‌ನ ಹುಡುಗನೊಬ್ಬ. “ಮೇಡಂ, ನಂಗೆ ಸಂಬಳ ಜಾಸ್ತಿ ಬಂದಿದೆ, ಏನಾದ್ರೂ ಎಡವಟ್ಟಾಗಿದೆಯಾ ನೋಡಿ.” ಜಾಸ್ತಿ ಬಂದ 43 ಜನರಲ್ಲಿ ಆ ದಿನ ತಾನಾಗಿಯೇ ಫೋನ್ ಮಾಡಿದವನು ಅವನೊಬ್ಬನೇ, ಪುಣ್ಯಾತ್ಮ.

ನಾನು ಎದ್ದು ಅವಳ ಮೇಜಿಗೆ ಹೋದೆ. ಅವಳು ಆಗಲೇ ಶೀಟ್ ತೆರೆದಿಟ್ಟುಕೊಂಡಿದ್ದಳು. ಏನೂ ಮಾತಾಡದೆ ಮೌಸ್ ಹಿಡಿದು ಬಲಕ್ಕೆ, ಇನ್ನೂ ಬಲಕ್ಕೆ ಸರಿಸಿ ಆ ಕಾಲಂ ಹತ್ತಿರ ನಿಲ್ಲಿಸಿದಳು. ಬಾಕಿಯ ಮೊತ್ತಗಳು ಹಿಂದಿನ ತಿಂಗಳಿನವೇ, ಪೈಸೆ ಸಮೇತ. ನಾನು ನಿಂತಿದ್ದೆ, ಅವಳು ಕೂತಿದ್ದಳು. ಕರ್ಸರ್ ಮಿಣುಕುತ್ತಿತ್ತು. ಆಗ ನಾನು ಅಂದ ಮಾತನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ. “ನಿನ್ನೆನೇ ಹೇಳಬಹುದಿತ್ತಲ್ಲ ನೀವು” ಅಂದೆ.

ಅವಳು ತಲೆ ಎತ್ತಿ ನೋಡಿದಳು. ಸಿಟ್ಟಿರಲಿಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದಳು. “ಹೇಳಿದ್ದೆ” ಅಂದಳು. ಮತ್ತೆ ಪರದೆಗೆ ತಿರುಗಿ ಯಾರ ಯಾರಿಗೆ ಎಷ್ಟೆಷ್ಟು ಹೆಚ್ಚು ಹೋಗಿದೆ ಅಂತ ಪಟ್ಟಿ ಮಾಡಲು ಶುರು ಮಾಡಿದಳು.

ಮ್ಯಾನೇಜರ್ ಕೂಗಿದರು, ಪೆನ್ನು ಬಡಿದರು. ಹೆಚ್ಚು ಹೋದದ್ದನ್ನು ಮುಂದಿನ ತಿಂಗಳುಗಳಲ್ಲಿ ಕಂತಿನಲ್ಲಿ ಹಿಡಿದುಕೊಳ್ಳುವುದು ಅಂತಾಯಿತು. ಅದಕ್ಕೆ ಒಬ್ಬೊಬ್ಬರ ಹತ್ತಿರವೂ ಒಪ್ಪಿಗೆ ಪತ್ರ ತೆಗೆದುಕೊಳ್ಳುವ ಕೆಲಸ ನಮ್ಮಿಬ್ಬರ ತಲೆಗೇ ಬಂತು. ಮೂರು ತಿಂಗಳಲ್ಲಿ ಲೆಕ್ಕ ಸರಿಹೋಯಿತು. ತಪ್ಪಿನ ಕಥೆ ಅಲ್ಲಿಗೆ ಮುಗಿಯಿತು.

ಮುಗಿಯದೆ ಇದ್ದದ್ದು ಬೇರೆ. ಮೊದಲು ಅವಳಿಗೆ ಏನಾದರೂ ಅನುಮಾನ ಬಂದರೆ ಕುರ್ಚಿಯ ಚಕ್ರ ಉರುಳಿಸಿಕೊಂಡು ನನ್ನ ಮೇಜಿಗೇ ಬಂದುಬಿಡುತ್ತಿದ್ದಳು, ಎದ್ದೇಳುವ ಕಷ್ಟವನ್ನೂ ತೆಗೆದುಕೊಳ್ಳದೆ. ಆ ಸದ್ದು ನಿಂತಿತು. ಅದರ ಬದಲು ಈಮೇಲ್ ಬರತೊಡಗಿತು. ಐದು ಅಡಿ ದೂರದಿಂದ. “ಈ ಕೆಳಗಿನ ಅಂಶಗಳನ್ನು ಪರಿಶೀಲಿಸಲು ಕೋರಿದೆ.” ಮ್ಯಾನೇಜರ್‌ಗೆ ಸಿಸಿ. ಪ್ರತಿ ಈಮೇಲೂ ಅಚ್ಚುಕಟ್ಟು, ಒಂದೂ ತಪ್ಪಿಲ್ಲ. ಮ್ಯಾನೇಜರ್‌ಗೆ ಖುಷಿಯೋ ಖುಷಿ, ಈಗ ಪ್ರೊಸೆಸ್ ಚೆನ್ನಾಗಿದೆ ಅಂತ ಮೀಟಿಂಗ್‌ನಲ್ಲಿ ಹೊಗಳಿದರು. ನಿಜವಾಗಿ ಚೆನ್ನಾಗಿಯೇ ಇತ್ತು. ಇಲ್ಲದೆ ಹೋದದ್ದು ಅರೆಬರೆ ಮಾತು. ಇನ್ನೂ ಅನುಮಾನವಾಗಿಯೂ ಬಲಿಯದ, ‘ಯಾಕೋ ಏನೋ ಸರಿ ಇಲ್ಲ ಕಣೇ’ ಅನ್ನುವ ಹಂತದ ಮಾತು. ಅದನ್ನು ಯಾರೂ ಸಿಸಿ ಹಾಕಿ ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ದೊಡ್ಡ ತಪ್ಪುಗಳೆಲ್ಲ ಸಿಕ್ಕಿಬೀಳುವುದು ಆ ಹಂತದಲ್ಲೇ.

ಕ್ಷಮೆಯನ್ನೂ ಕೇಳಿದ್ದೆ, ಕೇಳಿಲ್ಲ ಅಂತಲ್ಲ. ಅದೂ ಈಗ ಆ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿತು. “ಈ ತಿಂಗಳ ಪ್ರಕ್ರಿಯೆಯಲ್ಲಿ ತಪ್ಪಾಗಿದೆ. ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು.” ಈ ವಾಕ್ಯಗಳಲ್ಲಿ ಮನುಷ್ಯರನ್ನು ಹುಡುಕಿ ನೋಡಿ. ತಪ್ಪು ತಾನಾಗಿಯೇ ಆಗಿದೆ, ಮಳೆ ಬಂದ ಹಾಗೆ. ಯಾರೋ ನೋಡಿಕೊಳ್ಳುತ್ತಾರಂತೆ. ‘ತಪ್ಪು ಮಾಡಿದೆ’ ಅನ್ನುವುದಕ್ಕೂ ‘ತಪ್ಪಾಯ್ತು’ ಅನ್ನುವುದಕ್ಕೂ ಇರುವ ದೂರದಲ್ಲಿ ಒಬ್ಬ ಇಡೀ ಮನುಷ್ಯ ಬಚ್ಚಿಟ್ಟುಕೊಳ್ಳಬಹುದು. ಸಂಜೆ ಹೊತ್ತು ಲಿಫ್ಟಿನಲ್ಲಿ ‘ಸಾರಿ ಕಣೇ, ನಿನ್ ಮಾತು ಕೇಳ್ಬೇಕಿತ್ತು’ ಅಂದಿದ್ದರೆ ಮುಗಿದುಹೋಗುತ್ತಿತ್ತೇನೋ. ಆದರೆ ಅಷ್ಟರಲ್ಲಿ ‘ಕಣೇ’ ಅನ್ನುವ ಧೈರ್ಯ ನನಗೇ ಇರಲಿಲ್ಲ. ಒಂದು ಸಲ ‘ನೀವು’ ಅಂದ ಮೇಲೆ ‘ನೀನು’ಗೆ ವಾಪಸ್ ಬರುವುದು ಎಷ್ಟು ಕಷ್ಟ ಅಂತ ಪ್ರಯತ್ನಿಸಿದವರಿಗೇ ಗೊತ್ತು. ಬಹುವಚನಕ್ಕೆ ಹೋಗಲು ಅರ್ಧ ಸೆಕೆಂಡ್ ಸಾಕು. ಏಕವಚನಕ್ಕೆ ಇನ್ನೊಬ್ಬರ ಅನುಮತಿ ಬೇಕು.

ಒಂದು ವರ್ಷಕ್ಕೆ ಅವಳು ಬೇರೆ ಕಡೆ ಹೋದಳು. ಬೀಳ್ಕೊಡುಗೆಯಲ್ಲಿ ನನ್ನ ಬಗ್ಗೆ ಎರಡು ಒಳ್ಳೆಯ ಮಾತಾಡಿದಳು, ‘ಇವರಿಂದ ತುಂಬಾ ಕಲಿತೆ’ ಅಂದಳು. ಇವರಿಂದ. ಈ ಬರಹದಲ್ಲಿ ಉದ್ದಕ್ಕೂ ‘ಅವಳು’ ಅಂತಲೇ ಬರೆಯುತ್ತಿದ್ದೇನೆ. ಆ ಹಕ್ಕು ನನಗಿನ್ನೂ ಇದೆಯೋ ಗೊತ್ತಿಲ್ಲ, ಬೇರೆ ಥರ ಬರೆಯಲು ಕೈ ಬರುತ್ತಿಲ್ಲ.

ಈಗ

ನಾನು ಬದಲಾಗಿದ್ದೇನೆ ಅಂತ ಬರೆದರೆ ನನ್ನ ಜೊತೆ ಕೆಲಸ ಮಾಡಿದವರು ನಗುತ್ತಾರೆ. ತಿಂಗಳ ಕೊನೆಗೆ ಇವತ್ತಿಗೂ ನನ್ನ ವಾಕ್ಯಗಳು ಮೊಟಕಾಗುತ್ತವೆ, ಹೆಡ್‌ಫೋನ್ ಏರುತ್ತದೆ. ತಡೆಯಲು ನೋಡಿದೆ, ಆಗಲಿಲ್ಲ. ಆಳವಾಗಿ ಉಸಿರಾಡಿ, ಹತ್ತರವರೆಗೆ ಎಣಿಸಿ ಅಂತೆಲ್ಲ ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಾರಲ್ಲ, ಅದು ಕೂಗುವವರಿಗೆ ಮಾಡಿದ ಔಷಧ. ಎಣಿಸುತ್ತಾ ಕೂತರೆ ನನ್ನಂಥವರು ಇನ್ನಷ್ಟು ತಣ್ಣಗಾಗುತ್ತಾರೆ.

ಮಾಡುತ್ತಿರುವುದು ಒಂದೇ ಒಂದು. ಮೊದಲೇ ಹೇಳಿಬಿಡುತ್ತೇನೆ. ಕಟ್-ಆಫ್ ದಿನ ಬೆಳಿಗ್ಗೆಯೇ, ತಲೆ ಇನ್ನೂ ನೆಟ್ಟಗಿರುವಾಗ, ಪಕ್ಕದಲ್ಲಿ ಕೂರುವವರಿಗೆ: “ಮೂರು ಗಂಟೆ ಮೇಲೆ ನಾನು ಮುಖ ಗಂಟು ಹಾಕ್ಕೊಂಡಿರ್ತೀನಿ, ನಿಮ್ಮ ಮೇಲೆ ಕೋಪ ಅಂತ ತಿಳ್ಕೋಬೇಡಿ. ಏನಾದ್ರೂ ಸರಿ ಇಲ್ಲ ಅನಿಸಿದ್ರೆ ಚಾಟ್ ಮಾಡ್ಬೇಡಿ, ಭುಜ ತಟ್ಟಿ ‘ನಿಲ್ಲಿಸಿ’ ಅನ್ನಿ. ಅದೊಂದೇ ಪದ ಸಾಕು.” ಮೊದಲ ಸಲ ಹೇಳಿದಾಗ ಎದುರಿಗಿದ್ದ ಹುಡುಗ ಇದೇನು ಹುಚ್ಚು ಅನ್ನುವ ಹಾಗೆ ನೋಡಿದ. ಮೂರನೇ ತಿಂಗಳು ತಟ್ಟಿದ. ನಾನು ಬೆಚ್ಚಿಬಿದ್ದು, ನಿಜ ಹೇಳಬೇಕೆಂದರೆ ಸಿಟ್ಟೂ ಬಂದು, ಏನು ಅಂದೆ. ಅವನು ತೋರಿಸಿದ್ದು ತಪ್ಪಾಗಿರಲಿಲ್ಲ, ಎಲ್ಲ ಸರಿಯಾಗಿಯೇ ಇತ್ತು. ಅವನ ಮುಖ ಸಣ್ಣದಾಯಿತು. ಥ್ಯಾಂಕ್ಸ್ ಅಂದೆ, ಒಣಗಿದ ದನಿಯಲ್ಲಿ. ಒಂದು ನಿಮಿಷ ಬಿಟ್ಟು ಹೆಡ್‌ಫೋನ್ ತೆಗೆದು ಅವನ ಕಡೆ ತಿರುಗಿ ಇನ್ನೊಂದು ಸಲ ಅಂದೆ. ಅವನು ಆ ವರ್ಷ ಇನ್ನೂ ನಾಲ್ಕು ಸಲ ತಟ್ಟಿದ. ಎರಡು ಸಲ ಅವನೇ ಸರಿ.

ಚಾಟ್ ಸಿಕ್ಕಿದ ರಾತ್ರಿ ಅವಳಿಗೆ ಬರೆಯಬೇಕು ಅನಿಸಿತು. ಆ ನಂಬರ್ ಇನ್ನೂ ಇತ್ತು. ‘ಹೇಗಿದ್ದೀರಿ’ ಅಂತ ಬರೆದು ಅಳಿಸಿದೆ. ‘ಹೇಗಿದ್ದೀಯೇ’ ಅಂತ ಬರೆದು ಅದನ್ನೂ ಅಳಿಸಿದೆ. ಕೊನೆಗೆ ಕ್ಷೇಮ ಸಮಾಚಾರದ ಗೋಜೇ ಬೇಡ ಅಂತ ನೇರ ಶುರು ಮಾಡಿದೆ: “ಆ ತಿಂಗಳ ಫೈಲ್ ವಿಷಯ. ನೀನು ಮೂರು ಸಲ ಹೇಳಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ. ಮರುದಿನ ಹೇಳಲೇ ಇಲ್ಲ ಅನ್ನುವ ಹಾಗೆ ಮಾತಾಡಿದೆ. ತಪ್ಪು ಮಾಡಿದೆ.” ಕಳಿಸಿ ಫೋನ್ ಮಗುಚಿಟ್ಟೆ.

ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಂತು.

“ಮೂರಲ್ಲ, ನಾಲ್ಕು. ಚಾಟ್ ಮಾಡೋಕೆ ಮುಂಚೆ ಒಂದ್ಸಲ ನಿಮ್ಮ ಟೇಬಲ್ ಹತ್ರ ಬಂದು ಹೇಳಿದ್ದೆ. ನೀವು ಹೆಡ್‌ಫೋನ್ ತೆಗೀಲಿಲ್ಲ.”